ಡೆಕ್ ಮುಚ್ಚುವ ಮೊದಲು ಯಾರ್ಡಿಗೆ ಹೋಗಿ: ಸೆಂಟರ್ ಕನ್ಸೋಲ್ ಬೋಟ್ ಆರ್ಡರ್ ಮಾಡ್ಲಿಕ್ಕೆ ಹೊರಟವರಿಗೆ

ನನ್ನ ಹತ್ರ ಈಗ ಇರುದು ಎರಡನೇ ಬೋಟ್. 23 ಫೀಟ್, ಫೈಬರ್, ಮಧ್ಯದಲ್ಲಿ ಸ್ಟಿಯರಿಂಗ್ ಇರುವ ಕನ್ಸೋಲ್, ಹಿಂದೆ ಹೊರಗೆ ನೇತಾಡುವ ಎಂಜಿನ್, ಅಂದ್ರೆ ಒಂದು ಔಟ್‌ಬೋರ್ಡ್. ಮಲ್ಪೆಯಲ್ಲಿ ಅದನ್ನು ನೋಡಿದವರು ಕೇಳುದು ಎರಡೇ ಪ್ರಶ್ನೆ, ಎಷ್ಟು ಬಿತ್ತು, ಎಷ್ಟು ಸ್ಪೀಡ್ ಹೋಗ್ತದೆ. ಮೊದಲ ಬೋಟ್ ತೆಗೊಳ್ಳುವಾಗ ನಾನೂ ಅದನ್ನೇ ಕೇಳಿದ್ದು, ಅದಕ್ಕೇ ಮೂರನೇ ವರ್ಷ ಅದರ ಹಿಂಭಾಗ ಕೊಯ್ದು ಬಿಚ್ಚಬೇಕಾಗಿ ಬಂತು. ಆ ಕಥೆ ಕೆಳಗೆ ಹೇಳ್ತೇನೆ.

ಹೀಗೆ ಯಾರ್ಡಿನಲ್ಲಿ, ಅಂದ್ರೆ ಬೋಟ್ ಕಟ್ಟುವಲ್ಲಿ, ಆರ್ಡರ್ ಕೊಟ್ಟು ಮಾಡಿಸುವ ಬೋಟಿಗೆ ಸೆಮಿ ಕಸ್ಟಮ್ ಅಂತಾರೆ, ಹಾಗಂದ್ರೆ ಎಂತ ಅಂತ ಮೊದಲು ಹೇಳ್ತೇನೆ. ಹಲ್, ಅಂದ್ರೆ ನೀರಿಗೆ ತಾಗುವ ಹೊಟ್ಟೆ ಭಾಗ, ಯಾರ್ಡಿನವರ ಹತ್ರ ಇರುವ ಮೋಲ್ಡಿನಿಂದ ಬರ್ತದೆ. ಅದನ್ನು ನಿಮಗೋಸ್ಕರ ಯಾರೂ ಬದಲಾಯಿಸುದಿಲ್ಲ. ಅದರ ಮೇಲಿನದ್ದು, ಡೆಕ್ (ನಾವು ನಿಲ್ಲುವ ನೆಲ) ಎಷ್ಟು ಎತ್ತರ, ಕನ್ಸೋಲ್ ಎಲ್ಲಿ, ಟ್ಯಾಂಕ್ ಎಷ್ಟು ಲೀಟರ್, ಐಸ್ ಬಾಕ್ಸ್ ಎದುರಾ ಹಿಂದಾ, ಇದೆಲ್ಲ ನೀವು ಹೇಳಿದ ಹಾಗೆ ಮಾಡಿ ಕೊಡ್ತಾರೆ. ಇದ್ರಲ್ಲಿ ನಾನು ಕಲಿತದ್ದು ಇಷ್ಟೇ: ಡೆಕ್ ಮೇಲೆ ಇರುದನ್ನು ನೀವು ಇನ್ನು ಹತ್ತು ವರ್ಷ ಬಿಟ್ಟೂ ಹಾಕಿಸಬಹುದು ತೆಗೆಸಬಹುದು, ಡೆಕ್ ಅಡಿಯಲ್ಲಿ ಹೋದದ್ದನ್ನು ಮುಟ್ಲಿಕ್ಕೆ ಆಗುದಿಲ್ಲ, ಹಾಗಾಗಿ ದುಡ್ಡೂ ತಲೆಯೂ ಮೊದಲು ಅಡಿಗೆ ಹಾಕಿ. ಫಿಶ್ ಫೈಂಡರ್, ಮ್ಯೂಸಿಕ್ ಸಿಸ್ಟಮ್, ಎಲ್‌ಇಡಿ ಲೈಟ್ ಎಲ್ಲ ಆಮೇಲೆ.

ಯಾರ್ಡಿಗೆ ಹೋಗುವ ಮೊದಲೇ ಯೋಚನೆ ಮಾಡ್ಬೇಕಾದ್ದು ನೀವು ಯಾವ ಅಳಿವೆಯಿಂದ, ಅಂದ್ರೆ ಹೊಳೆ ಕಡಲಿಗೆ ಸೇರುವ ಬಾಯಿಯಿಂದ, ಹೊರಗೆ ಹೋಗುದು ಅಂತ. ಮಲ್ಪೆ ಬಂದರಿಂದ ಹೋಗುದೂ, ಸಸಿಹಿತ್ಲಿನಲ್ಲಿ ಶಾಂಭವಿ ನಂದಿನಿ ಸೇರುವಲ್ಲಿಂದ ಹೋಗುದೂ, ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆ ದಾಟಿ ಹೋಗುದೂ ಒಂದೇ ಅಲ್ಲ. ಮಂಗಳೂರು ಹಳೇ ಬಂದರಿನ ಅಳಿವೆಬಾಗಿಲಿನಲ್ಲಿ ನೇತ್ರಾವತಿ ಫಲ್ಗುಣಿ ಎರಡರ ನೀರೂ ಬಂದು ಕಡಲಿಗೆ ಬೀಳ್ತದೆ, ಇಳಿತದ ಹೊತ್ತಿಗೆ ಎದುರಿಂದ ತೆರೆ, ಹಿಂದಿನಿಂದ ಹೊಳೆಯ ಸೆಳೆತ, ಅಲ್ಲಿ ತೆರೆ ಒಮ್ಮೆಲೇ ಕಡಿದಾಗಿ ಎದ್ದು ನಿಲ್ತದೆ. ಮರಳು ವರ್ಷ ವರ್ಷ ಜಾಗ ಬದಲಾಯಿಸ್ತದೆ. ನನ್ನ ಸೋದರಮಾವ ಮೂವತ್ತು ವರ್ಷ ತಾಂಡೇಲ, ಅಂದ್ರೆ ಮೀನುಗಾರಿಕೆ ಬೋಟ್ ನಡೆಸುವವರು, ಆಗಿದ್ದವರು, ಬೋಟ್ ತೆಗೊಳ್ತೇನೆ ಅಂದಾಗ ಅವರು ಹೇಳಿದ್ದು ಒಂದೇ ಮಾತು, "ಹೋಗುವಾಗ ಎಲ್ಲ ಬೋಟ್ ಒಳ್ಳೇದೇ ಮಗಾ, ಬರುವಾಗ ಹೇಗುಂಟು ನೋಡು." ಬೆಳಿಗ್ಗೆ ಘಟ್ಟದ ಕಡೆಯಿಂದ ಗಾಳಿ, ಕಡಲು ಎಣ್ಣೆ ಹಾಕಿದ ಹಾಗೆ ಇರ್ತದೆ, ಮಧ್ಯಾಹ್ನ ಎರಡು ಗಂಟೆ ಕಳೆದ್ರೆ ಪಡುಗಾಳಿ ಎದ್ದು ಬರುವಾಗ ತೆರೆ ನಿಮ್ಮ ಬೆನ್ನಿಗೆ. ಎದುರು ಮೂತಿ ಸಪೂರ ಇದ್ದು ಹಿಂದೆ ಭಾರ ಇರುವ ಬೋಟ್ ಆ ಹೊತ್ತಿಗೆ ಮೂತಿ ನೀರಿಗೆ ಚುಚ್ಚಿ ಅಡ್ಡ ತಿರುಗಲಿಕ್ಕೆ ನೋಡ್ತದೆ. ಅಳಿವೆಯಲ್ಲಿ ಅಡ್ಡ ತಿರುಗಿದ್ರೆ ಮತ್ತೆ ಹೇಳುವಂಥದ್ದು ಏನೂ ಇಲ್ಲ.

ಇದಕ್ಕೇ ಹಲ್‌ನ ವಿ ಆಕಾರ ನೋಡುದು. ಹಿಂಭಾಗದಲ್ಲಿ ವಿಯ ಬದಿ ಸಮತಟ್ಟಿನಿಂದ ಎಷ್ಟು ಡಿಗ್ರಿ ಏರಿದೆ ಅಂತ ಕೇಳಿ, ಅದಕ್ಕೆ ಡೆಡ್‌ರೈಸ್ ಅಂತಾರೆ. ಯೂಟ್ಯೂಬ್‌ನಲ್ಲಿ ನೋಡುವ ಅಮೆರಿಕದ ಬೋಟ್‌ಗಳಲ್ಲಿ ತುಂಬ 24 ಡಿಗ್ರಿಯವು, ಅದು ರೇ ಹಂಟ್ ಅಂತ ಅಲ್ಲಿಯ ಡಿಸೈನರ್‌ನ ಡೀಪ್ ವಿ, 1960ರ ಮಯಾಮಿ ನಸ್ಸೌ ರೇಸನ್ನು ಅವರ ಡಿಸೈನಿನ ಮಾಪಿ ಅನ್ನುವ ಬೋಟ್ ಗೆದ್ದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದದ್ದು. ಆ ಆಕಾರ ದೊಡ್ಡ ತೆರೆಯಲ್ಲಿ ಜೋರು ಹೋಗುವಾಗ ಸೊಂಟ ಉಳಿಸ್ತದೆ, ಆದ್ರೆ ಎಂಜಿನ್ ದೊಡ್ಡದು ಬೇಕು, ಪೆಟ್ರೋಲ್ ಕುಡಿತದೆ, ನಿಲ್ಲಿಸಿ ಗಾಳ ಹಾಕುವಾಗ ತೊಟ್ಟಿಲಿನ ಹಾಗೆ ಹೊಯ್ದಾಡ್ತದೆ. 12 ಡಿಗ್ರಿಯದ್ದು ನಿಂತಲ್ಲಿ ಗಟ್ಟಿ, ಕಡಿಮೆ ನೀರಿನಲ್ಲೂ ಹೋಗ್ತದೆ, ಮಧ್ಯಾಹ್ನದ ತೆರೆಯಲ್ಲಿ ಮಾತ್ರ ಹಲ್ಲು ಉದುರ್ತದೆ. ಸೇಂಟ್ ಮೇರೀಸ್ ದ್ವೀಪದ ಸುತ್ತ, ಕಾಪು ಲೈಟ್‌ಹೌಸ್ ಎದುರಿನ ಬಂಡೆ ಹತ್ರ, ಮತ್ತೆ ಅಪರೂಪಕ್ಕೆ ಅಂಜಲ್ ಮೀನಿಗೆ ಅಂತ ಹೊರಗೆ ಹೋಗುವ ನನ್ನಂಥವರಿಗೆ 17ರಿಂದ 20 ಡಿಗ್ರಿ ಸರಿ ಅನ್ನುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ ಉಂಟು. ನಮ್ಮ ಕರಾವಳಿಯ ಯಾರ್ಡ್‌ಗಳಲ್ಲಿ ಇರುವ ಮೋಲ್ಡ್ ಹೆಚ್ಚಿನವು ಬಲೆ ಹಾಕುವ ನಾಡದೋಣಿಗೆ ಅಂತ ಮಾಡಿದ್ದು, ಉದ್ದ ಸಪೂರ, ಬಲೆಯ ಭಾರ ಹೊತ್ತು ನಿಧಾನ ಹೋಗ್ಲಿಕ್ಕೆ ಅವುಗಳಂಥದ್ದು ಬೇರೆ ಇಲ್ಲ. ಅದೇ ಮೋಲ್ಡಿಗೆ ಕನ್ಸೋಲ್ ಕೂರಿಸಿ 115 ಎಚ್‌ಪಿ ಹಾಕಿ ಸ್ಪೋರ್ಟ್ಸ್ ಬೋಟ್ ಅಂತ ಕೊಟ್ರೆ ಅದು ಮೂತಿ ಎತ್ತಿ ಓಡ್ತದೆ, ನೀರಿನ ಮೇಲೆ ಸಮ ಕೂತು ಜಾರಿ ಹೋಗುದೇ ಇಲ್ಲ. ಹಾಗಾಗಿ ಅದೇ ಮೋಲ್ಡಿನಿಂದ ಬಂದ ಇನ್ನೊಬ್ಬರ ಬೋಟಿನಲ್ಲಿ ಒಂದು ಸಲ ಹೋಗದೆ ಅಡ್ವಾನ್ಸ್ ಕೊಡ್ಬೇಡಿ. ಹೋಗುದಾದ್ರೆ ಬೆಳಿಗ್ಗೆ ಏಳಕ್ಕಲ್ಲ, ಮಧ್ಯಾಹ್ನ ಮೂರಕ್ಕೆ. ಯಾರ್ಡಿನವರು ಬೆಳಿಗ್ಗೆಯೇ ಕರೀತಾರೆ, ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಈಗ ಡೆಕ್ ಅಡಿಗೆ ಬರುವ. ಫೈಬರ್ ಕೆಲಸ ಅಂದ್ರೆ ಮೋಲ್ಡಿಗೆ ವ್ಯಾಕ್ಸ್, ಅದರ ಮೇಲೆ ಜೆಲ್‌ಕೋಟ್, ಅಂದ್ರೆ ಹೊರಗಿನ ನುಣುಪು ಪದರ, ಆಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಅನ್ನುವ ಗಟ್ಟಿಯಾಗುವ ಅಂಟು ಹಚ್ಚಿ ರೋಲರ್‌ನಲ್ಲಿ ಗಾಳಿ ಹೊರಗೆ ಹಾಕುದು, ಮತ್ತೆ ಮ್ಯಾಟ್, ಅದರ ಮೇಲೆ ರೋವಿಂಗ್ ಅನ್ನುವ ನೇಯ್ದ ಗಾಜಿನ ಬಟ್ಟೆ, ಹೀಗೆ. ರೆಸಿನ್ ಯಾವುದು ಅಂತ ಕೇಳಿ. ಪಾಲಿಯೆಸ್ಟರ್ ರೆಸಿನಿನಲ್ಲಿ ಆರ್ಥೋ, ಐಸೋ ಅಂತ ಎರಡು ಜಾತಿ, ಆರ್ಥೋ ಅಗ್ಗ, ಐಸೋ ಸ್ವಲ್ಪ ದುಬಾರಿ, ಆದ್ರೆ ನೀರು ಹೀರುದು ಕಡಿಮೆ. ಆರ್ಥೋದಲ್ಲಿ ಮಾಡಿದ ಹಲ್ ವರ್ಷಗಟ್ಟಲೆ ನೀರಲ್ಲೇ ಕಟ್ಟಿದ್ರೆ ಜೆಲ್‌ಕೋಟ್ ಅಡಿಯಲ್ಲಿ ಗುಳ್ಳೆ ಬರುವ ಸಾಧ್ಯತೆ ಜಾಸ್ತಿ. ಎಲ್ಲ ಐಸೋದಲ್ಲೇ ಮಾಡಿಸ್ಲಿಕ್ಕೆ ಆಗದಿದ್ರೆ ಜೆಲ್‌ಕೋಟ್ ಮತ್ತು ಅದರ ಒಳಗಿನ ಮೊದಲ ಎರಡು ಪದರ ಆದ್ರೂ ಐಸೋ ಅಂತ ಕೊಟೇಶನ್‌ನಲ್ಲಿ ಬರೆಸಿ. ಎಷ್ಟು ಪದರ, ಯಾವ ಪದರ ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟ್, ಯಾವುದು 600ರ ರೋವಿಂಗ್, ಅಡಿಯಲ್ಲಿ ಎಷ್ಟು ಬದಿಯಲ್ಲಿ ಎಷ್ಟು, ಅದನ್ನೂ ಬರೆಸಿ. ಬರೆದು ಕೊಡುದಿಲ್ಲ ಅಂದ್ರೆ ಬೇರೆ ಯಾರ್ಡ್ ನೋಡಿ.

ಬರೆದದ್ದನ್ನೇ ಹಾಕಿದ್ದಾರಾ ಅಂತ ನೋಡ್ಲಿಕ್ಕೆ ಒಂದು ಉಪಾಯ ಉಂಟು. ಡ್ರೈನ್‌ಗೋ ಪೈಪಿಗೋ ಅಂತ ಹಲ್‌ನಲ್ಲಿ ತೂತು ಕೊರೀತಾರಲ್ಲ, ಆಗ ನಾಣ್ಯದ ಹಾಗೆ ದುಂಡಗೆ ಒಂದು ತುಂಡು ಬರ್ತದೆ, ಅದನ್ನು ಬಿಸಾಡದೆ ನಿಮಗೆ ಇಟ್ಟುಕೊಡ್ಲಿಕ್ಕೆ ಮೊದಲೇ ಹೇಳಿ. ಅದನ್ನು ಹೊರಗೆ ತೆಗೊಂಡು ಹೋಗಿ, ರೆಸಿನ್ ಡಬ್ಬದಿಂದ ತುಂಬ ದೂರ ಆಯ್ತಾ, ತಗಡಿನ ಮೇಲಿಟ್ಟು ಬೆಂಕಿ ಕೊಡಿ. ಕಪ್ಪು ಹೊಗೆ ಬಂದು ರೆಸಿನ್ ಎಲ್ಲ ಉರಿದು ಹೋಗ್ತದೆ, ಗಾಜು ಉರಿಯುದಿಲ್ಲ, ತಣಿದ ಮೇಲೆ ಪಿನ್ನಿನಲ್ಲಿ ಬಿಡಿಸಿದ್ರೆ ಪದರ ಪದರ ಎದ್ದು ಬರ್ತದೆ, ಲೆಕ್ಕ ಮಾಡಬಹುದು. ನಾನು ಮಾಡುವಾಗ ಮೇಸ್ತ್ರಿ ನಕ್ಕದ್ದು, "ಸುಟ್ಟು ಎಂತ ನೋಡ್ತೀರಿ ಸಾರ್, ತೇಲುದು ಬೇಡ್ವಾ?" ಲೆಕ್ಕ ಸರಿ ಬಂತು, ಬರೆದದ್ದಕ್ಕಿಂತ ಒಂದು ಮ್ಯಾಟ್ ಹೆಚ್ಚೇ ಇತ್ತು. ಮೇಸ್ತ್ರಿಗೆ ಆ ದಿನ ಗೋಳಿಬಜೆ ಚಾ ನನ್ನದೇ.

ಮಳೆಗಾಲದಲ್ಲಿ ಲ್ಯಾಮಿನೇಶನ್, ಅಂದ್ರೆ ಈ ಪದರ ಹಾಕುವ ಕೆಲಸ, ಮಾಡಿಸ್ಬೇಡಿ. ಜೂನ್ ಜುಲೈಯಲ್ಲಿ ಹೇಗೂ ಬೋಟ್ ಓಡಿಸ್ಲಿಕ್ಕಿಲ್ಲ, ಆಗ ಕಟ್ಟಿಸಿ ಆಗಸ್ಟಿಗೆ ರೆಡಿ ಮಾಡುವ ಅಂತ ಎಲ್ಲರಿಗೂ ಅನಿಸ್ತದೆ, ನಮ್ಮೂರಿನ ಆ ತಿಂಗಳ ಹವೆಯಲ್ಲಿ ಮ್ಯಾಟೇ ತೇವ ಎಳ್ಕೊಂಡಿರ್ತದೆ, ರೆಸಿನ್ ಸರಿ ಗಟ್ಟಿಯಾಗುದಿಲ್ಲ, ಪದರ ಪದರಕ್ಕೆ ಹಿಡಿತ ಬರುದಿಲ್ಲ. ಗಟ್ಟಿ ಆಗುದಿಲ್ಲ ಅಂತ ಹುಡುಗರು ಹಾರ್ಡನರ್ ಜಾಸ್ತಿ ಸುರೀತಾರೆ, ಅದು ಇನ್ನೂ ಹಾಳು. ಹಲ್ ಕೆಲಸ ಡಿಸೆಂಬರಿಂದ ಮಾರ್ಚ್ ಒಳಗೆ ಮುಗಿಯುವ ಹಾಗೆ ಆರ್ಡರ್ ಕೊಡಿ, ವಯರಿಂಗ್ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಇನ್ನು ನನ್ನ ಹಳೇ ಬೋಟಿನ ಕಥೆ. ಔಟ್‌ಬೋರ್ಡ್ ನೇತಾಡುವ ಹಿಂಗೋಡೆಗೆ ಟ್ರಾನ್ಸಮ್ ಅಂತಾರೆ, ಅದರೊಳಗೆ ಪ್ಲೈವುಡ್ ಇಟ್ಟು ಎರಡೂ ಬದಿ ಫೈಬರ್ ಮುಚ್ಚುದು ಸಾಮಾನ್ಯ. ನನ್ನದರಲ್ಲಿ ಫಿಶ್ ಫೈಂಡರ್ ಸೆನ್ಸರ್ ಕೂರಿಸಿದವನು ಎರಡು ಸ್ಕ್ರೂ ಹೊಡೆದು ಸೀಲ್ ಮಾಡದೆ ಹೋದದ್ದು, ನನಗೂ ಗೊತ್ತಿಲ್ಲ. ಮೂರನೇ ವರ್ಷ ಥ್ರಾಟಲ್ ಕೊಟ್ಟಾಗ ಎಂಜಿನ್ ಸ್ವಲ್ಪ ತಲೆಯಾಡಿಸಿದ ಹಾಗೆ ಕಂಡಿತು. ಮಾವ ಬಂದು ಐದು ರೂಪಾಯಿ ನಾಣ್ಯದಲ್ಲಿ ಟ್ರಾನ್ಸಮ್ ಉದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಹೋದ್ರು, ಮೇಲೆ ಟಣ್ ಟಣ್, ಕೆಳಗೆ ಬರುವಾಗ ಡಬ್ ಡಬ್, ಹಣ್ಣಾದ ಹಲಸಿನ ಹಾಗೆ. ಕೊಯ್ದು ನೋಡಿದ್ರೆ ಪ್ಲೈವುಡ್ ಕೈಯಲ್ಲಿ ಹಿಂಡಿದ್ರೆ ನೀರು ಬರುವ ಹಾಗಿತ್ತು, ಅದೂ ಮೆರೈನ್ ಪ್ಲೈ ಅಲ್ಲ, ಮನೆ ಕಪಾಟಿಗೆ ಹಾಕುವಂಥದ್ದು. ಯಾರ್ಡಿನವರ ಹೆಸರು ಹೇಳಿ ಎಂತ ಪ್ರಯೋಜನ, ನಾನೂ ಒಂದು ಸಲ ಆದ್ರೂ ಹೋಗಿ ನೋಡಿರ್ಲಿಲ್ಲ.

ಹಾಗಾಗಿ ಪ್ಲೈ ಮುಚ್ಚುವ ದಿನ ರಜೆ ಹಾಕಿ ಆದ್ರೂ ಹೋಗಿ. ಶೀಟ್ ಮೇಲೆ ಐಎಸ್ 710 ಅಂತ ಸೀಲ್ ಇರ್ಬೇಕು, ಅದು ಮೆರೈನ್ ಗ್ರೇಡ್. 303 ಅಂತ ಇದ್ರೆ ಅದು ಮನೆ ಕೆಲಸದ್ದು. ಫೋಟೋ ತೆಗೆದಿಟ್ಟುಕೊಳ್ಳಿ. ಪ್ಲೈ ಇಲ್ಲದೆ ಗಟ್ಟಿ ಫೋಮ್ ಬೋರ್ಡ್‌ನಲ್ಲಿ ಟ್ರಾನ್ಸಮ್ ಮಾಡುವವರೂ ಇದ್ದಾರೆ, ಎಂಜಿನ್ ಬೋಲ್ಟ್ ಬರುವಲ್ಲಿ ಒತ್ತಡ ತಡೆಯುವ ಹೈ ಡೆನ್ಸಿಟಿಯದ್ದೇ ಹಾಕಿದ್ರೆ ಒಳ್ಳೇದೇ. ಹಲ್ ಒಳಗೆ ತೊಲೆಯ ಹಾಗೆ ಉದ್ದಕ್ಕೆ ಹೋಗುವ ಸ್ಟ್ರಿಂಗರ್‌ಗಳಿಗೂ ಮರ ಬೇಡ, ಫೋಮ್ ಮೇಲೆ ಫೈಬರ್ ಹಾಕಿಸಿ. ಮತ್ತೆ ಕನ್ಸೋಲ್, ನೆರಳಿನ ಕಂಬ, ಹಗ್ಗ ಕಟ್ಟುವ ಕ್ಲೀಟ್ ಎಲ್ಲೆಲ್ಲಿ ಬರ್ತದೋ ಅಲ್ಲಿ ಡೆಕ್ ಅಡಿಯಲ್ಲಿ ಮೊದಲೇ ಗಟ್ಟಿ ಪ್ಲೇಟ್ ಕೂರಿಸ್ಬೇಕು, ಆಮೇಲೆ ಆಗುದಿಲ್ಲ. ಡೆಕ್ ಅಡಿಯ ಖಾಲಿ ಜಾಗಕ್ಕೆ ನೀರು ಹೀರದ ಫೋಮ್ ಬೇಕಾದಷ್ಟು ತುಂಬಿಸಿದ್ರೆ ಬೋಟ್ ಮಗುಚಿದ್ರೂ ಮುಳುಗುದಿಲ್ಲ. ಬೋಸ್ಟನ್ ವೇಲರ್ ಕಂಪೆನಿಯವರು 1961ರಲ್ಲಿ ಲೈಫ್ ಮ್ಯಾಗಜೀನಿಗೋಸ್ಕರ ಬೋಟನ್ನು ನೀರಲ್ಲೇ ಗರಗಸದಲ್ಲಿ ಎರಡು ತುಂಡು ಮಾಡಿ, ಎಂಜಿನ್ ಇದ್ದ ಅರ್ಧವನ್ನು ಓಡಿಸಿ ತೋರಿಸಿದ್ರು, ಅದರ ಗುಟ್ಟು ಈ ಫೋಮೇ.

ಡೆಕ್ ಎತ್ತರ. ಡೆಕ್ ನೀರಿನ ಮಟ್ಟಕ್ಕಿಂತ ಮೇಲಿದ್ರೆ ಒಳಗೆ ಬಿದ್ದ ನೀರು ಬದಿಯ ತೂತಿನಿಂದ ತಾನೇ ಹೊರಗೆ ಹೋಗ್ತದೆ, ಕೆಳಗಿದ್ರೆ ಹೊರಗಿನ ನೀರು ಅದೇ ತೂತಿನಿಂದ ಒಳಗೆ ಬರ್ತದೆ. ಇದು ಕಾಗದದಲ್ಲಿ ಯಾವಾಗಲೂ ಸರಿಯೇ ಇರ್ತದೆ. 115 ಎಚ್‌ಪಿಯ ಫೋರ್ ಸ್ಟ್ರೋಕ್ ಅಂದ್ರೆ 160ರಿಂದ 190 ಕೆಜಿ, 200 ಲೀಟರ್ ಪೆಟ್ರೋಲ್ ಅಂದ್ರೆ ಸುಮಾರು 150 ಕೆಜಿ, ಮತ್ತೆ ಹಿಂದೆ ಮೀನು ಹಿಡಿದು ಕೂಗುವ ಮೂವರು ಗೆಳೆಯರು, ಎಲ್ಲ ಸೇರಿ ಹಿಂಭಾಗ ಕೂತರೆ ಕಾಲು ಒದ್ದೆ. ಹಗುರ ಟೂ ಸ್ಟ್ರೋಕ್ ಕಾಲದ ಮೋಲ್ಡ್ ಆದ್ರೆ ಇನ್ನೂ ಜಾಸ್ತಿ. ಹಾಗಾಗಿ ನಿಮ್ಮ ಎಂಜಿನ್ನಿನ ತೂಕ ಹೇಳಿಯೇ ಡೆಕ್ ಎತ್ತರ ನಿರ್ಧಾರ ಮಾಡಿ. ಹಾಗಂತ ತುಂಬ ಏರಿಸಿದ್ರೂ ಕಷ್ಟ, ಬದಿಯ ಅಂಚು ಮೊಣಕಾಲಿಗೆ ಬರ್ತದೆ, ತೆರೆಗೆ ವಾಲಿದಾಗ ಮನುಷ್ಯನೇ ಹೊರಗೆ. ಅಂಚು ತೊಡೆಯ ಮಧ್ಯಕ್ಕೆ ತಾಗುವ ಹಾಗಿರ್ಲಿ.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಯಾರೂ ಹೇಳದ್ದು ಒಂದು ಹೇಳ್ತೇನೆ. ಕೆಲವು ಕಡೆ ಬೋಟಿನ ಜೊತೆಗೇ ಫೈಬರ್ ಟ್ಯಾಂಕ್ ಕಟ್ಟಿ ಕೊಡ್ತಾರೆ, ಅಗ್ಗ ಆಗ್ತದೆ ಅಂತ. ಈಗ ಬಂಕಿನಲ್ಲಿ ಸಿಗುದು ಇ20, ಅಂದ್ರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್, ಆ ಎಥೆನಾಲ್ ಸಾಮಾನ್ಯ ಪಾಲಿಯೆಸ್ಟರ್ ರೆಸಿನನ್ನು ಮೆತ್ತಗೆ ಮಾಡ್ತದೆ, ಆ ಅಂಟು ಹೋಗಿ ಇಂಜೆಕ್ಟರ್‌ನಲ್ಲಿ ಕೂರ್ತದೆ. ಪ್ಲಾಸ್ಟಿಕ್ ಮೆರೈನ್ ಟ್ಯಾಂಕ್ ಅಥವಾ ಸರಿಯಾಗಿ ವೆಲ್ಡ್ ಮಾಡಿದ ಅಲ್ಯೂಮಿನಿಯಮ್ ಹಾಕಿಸಿ. ಅಲ್ಯೂಮಿನಿಯಮ್ ಆದ್ರೆ ಸುತ್ತ ಗಾಳಿಯಾಡ್ಬೇಕು, ನೀರು ನಿಲ್ಲಬಾರ್ದು. ಟ್ಯಾಂಕಿನ ಮೇಲೆ ಬಿಚ್ಚುವ ಮುಚ್ಚಳ ಬೇಕೇ ಬೇಕು. ಎಥೆನಾಲ್ ನೀರು ಎಳಿತದೆ, ನಮ್ಮ ಹವೆಯಲ್ಲಿ ಕೇಳುದೇ ಬೇಡ, ಹಾಗಾಗಿ ನೀರು ಬೇರೆ ಮಾಡುವ 10 ಮೈಕ್ರಾನ್ ಫಿಲ್ಟರ್ ಕೈಗೆ ಸಿಗುವಲ್ಲಿ ಇರ್ಲಿ. ಟ್ಯಾಂಕ್ ಸೈಜಿಗೆ ಲೆಕ್ಕ: ಹೋಗ್ಲಿಕ್ಕೆ ಮೂರರಲ್ಲಿ ಒಂದು ಪಾಲು, ಬರ್ಲಿಕ್ಕೆ ಒಂದು ಪಾಲು, ಇನ್ನೊಂದು ಪಾಲು ಮುಟ್ಟಬಾರ್ದು. 115 ಎಚ್‌ಪಿ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ 40 ಲೀಟರ್ ಹತ್ತಿರ ಕುಡಿತದೆ, ಹದವಾಗಿ ಓಡಿಸಿದ್ರೆ ಅದರ ಅರ್ಧ.

ಕನ್ಸೋಲ್‌ಗೆ ಡ್ರಾಯಿಂಗ್ ನೋಡಿ ಹೂಂ ಅನ್ಬೇಡಿ. ನಾನು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ತೆಗೊಂಡು ಹೋಗಿ ಅದನ್ನೇ ಕೊಯ್ದು ಹಲ್ ಒಳಗೆ ಇಟ್ಟು ಸ್ಟಿಯರಿಂಗ್ ಹಿಡಿದ ಹಾಗೆ ನಿಂತು ನೋಡಿದ್ದು. ಬದಿಯಲ್ಲಿ ರಾಡ್ ಹಿಡಿದು ಒಬ್ಬ ದಾಟಿ ಹೋಗ್ಬೇಕು, ಹೊಟ್ಟೆ ಇರುವ ಗೆಳೆಯನನ್ನೇ ಕರ್ಕೊಂಡು ಹೋಗಿ ದಾಟಿಸಿ ನೋಡಿ, ನಮಗೆ ಹಾಗೆ ನಾಲ್ಕು ಇಂಚು ಸಪೂರ ಮಾಡ್ಬೇಕಾಯ್ತು. ಐಸ್ ಬಾಕ್ಸ್ ಉದ್ದ ಒಂದು ಮೀಟರ್ ಆದ್ರೂ ಇರ್ಲಿ, ದೊಡ್ಡ ಅಂಜಲ್ ಬಾಲ ಮಡಚಿ ಹಾಕಿದ್ರೆ ಮನೆಯಲ್ಲಿ ತುಂಡು ಮಾಡುವಾಗ ಅಮ್ಮನ ಬೈಗುಳ. ಹಿಂದೆ ಎಂಜಿನ್ ಭಾರ ಉಂಟಲ್ಲ, ಬಾಕ್ಸ್ ಕನ್ಸೋಲ್ ಎದುರು ಇಟ್ಟು ಅದರ ಮೇಲೇ ಸೀಟ್ ಮಾಡಿಸಿ. ಮೇಲೆ ನೆರಳು ಬೇಕೇ ಬೇಕು, ಏಪ್ರಿಲ್ ಬಿಸಿಲಿಗೆ ಸ್ಟೈಲ್ ನಡೆಯುದಿಲ್ಲ. ಸ್ಟೀಲ್ ಎಲ್ಲ 316 ಅಂತ ಬರೆಸಿ, 304 ನಮ್ಮ ಉಪ್ಪುಗಾಳಿಗೆ ಬೇಗ ಕಂದು ಕಲೆ ಬರ್ತದೆ, ಅಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ಬಿಲ್ಲೇ ಕೇಳಿ.

ಎಂಜಿನ್ ಯಾವ ಕಂಪೆನಿ ಅಂತ ನಾನು ಹೇಳುದಿಲ್ಲ, ಯಮಹ ಸುಝುಕಿ ಮರ್ಕ್ಯುರಿ ಎಲ್ಲ ಓಡ್ತವೆ, ನಿಮ್ಮ ಮನೆಯಿಂದ ಒಂದು ಗಂಟೆಯ ಒಳಗೆ ಯಾವುದಕ್ಕೆ ಮೆಕ್ಯಾನಿಕ್ ಮತ್ತು ಸ್ಪೇರ್ ಸಿಗ್ತದೋ ಅದೇ ನಿಮ್ಮ ಎಂಜಿನ್. ಶಾಫ್ಟ್ ಉದ್ದ ಮಾತ್ರ ತಪ್ಪಬಾರ್ದು: 20 ಇಂಚಿನ ಟ್ರಾನ್ಸಮಿಗೆ ಲಾಂಗ್ ಶಾಫ್ಟ್, 25ಕ್ಕೆ ಎಕ್ಸ್‌ಟ್ರಾ ಲಾಂಗ್. ಕಡಲಿಗೆ 25 ಒಳ್ಳೇದು, ಹಿಂದಿನಿಂದ ತೆರೆ ಬಂದ್ರೆ ಒಳಗೆ ಹಾರುದು ಕಡಿಮೆ. ವಯರ್ ತವರ ಲೇಪದ ಮೆರೈನ್ ವಯರೇ ಹಾಕಿಸಿ, ಬ್ಯಾಟರಿ ಎತ್ತರದಲ್ಲಿ, ಅಡಿಯಲ್ಲಿ ನಿಂತ ನೀರು ಹೊರಗೆ ಹಾಕುವ ಬಿಲ್ಜ್ ಪಂಪಿಗೆ ಆಟೋಮ್ಯಾಟಿಕ್ ಸ್ವಿಚ್ಚೂ ಬ್ಯಾಟರಿಯಿಂದ ನೇರ ಫ್ಯೂಸ್ ಲೈನೂ ಬೇಕು.

ದಾಖಲೆ ವಿಷಯ ಮೊದಲೇ ತೀರ್ಮಾನ ಮಾಡಿ. ಮೀನುಗಾರಿಕೆ ದೋಣಿ ಅಂತ ಆದ್ರೆ ಮೀನುಗಾರಿಕೆ ಇಲಾಖೆ, ನೋಂದಣಿಗೆ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಅರ್ಜಿ, ಜಿಎಸ್‌ಟಿ 5%. ಶೋಕಿಗೆ ಅಂದ್ರೆ ಪ್ಲೆಶರ್ ಬೋಟ್, 2025ರ ಸೆಪ್ಟೆಂಬರಿನಿಂದ ಅದಕ್ಕೆ 40%, ಬಂದರು ಕಚೇರಿಯಲ್ಲಿ ವಿಚಾರಿಸ್ಬೇಕು. ತೆರಿಗೆ ಉಳಿಸ್ಲಿಕ್ಕೆ ಅಂತ ಒಂದು ಹೇಳಿ ಇನ್ನೊಂದು ಮಾಡಿದ್ರೆ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಗೊತ್ತಾಗ್ತದೆ. ಜೂನ್ 1ರಿಂದ ಜುಲೈ 31ರವರೆಗೆ 10 ಎಚ್‌ಪಿಗಿಂತ ದೊಡ್ಡ ಎಂಜಿನ್ನಿನಲ್ಲಿ ಮೀನು ಹಿಡಿಯುದು ರಾಜ್ಯದಲ್ಲಿ ನಿಷೇಧ, ಆ ಎರಡು ತಿಂಗಳು ಬೋಟ್ ಎಲ್ಲಿ ಇಡ್ತೀರಿ ಅಂತಲೂ ಈಗಲೇ ನೋಡಿ, ಟ್ರೈಲರ್ ಬೇಕಾದ್ರೆ ಅದೂ ಆರ್ಡರ್‌ನಲ್ಲೇ ಸೇರ್ಲಿ.

ದುಡ್ಡು ತಿಂಗಳ ಲೆಕ್ಕದಲ್ಲಿ ಕೊಡ್ಬೇಡಿ, ಕೆಲಸದ ಲೆಕ್ಕದಲ್ಲಿ ಕೊಡಿ. ಅಡ್ವಾನ್ಸ್ ಒಂದು ಪಾಲು, ಹಲ್ ಮೋಲ್ಡಿನಿಂದ ಹೊರಬಂದಾಗ ಒಂದು, ಡೆಕ್ ಮುಚ್ಚುವ ಮೊದಲು ನೀವು ನೋಡಿ ಒಪ್ಪಿದ ಮೇಲೆ ಒಂದು, ಕೊನೇದು ಕಡಲಲ್ಲಿ ಓಡಿಸಿ ನೋಡಿದ ಮೇಲೆ. "ಡೆಕ್ ಮುಚ್ಚುವ ಮೊದಲು" ಅನ್ನುವ ಮೂರು ಶಬ್ದ ಅಗ್ರಿಮೆಂಟ್‌ನಲ್ಲಿ ಇರ್ಲೇಬೇಕು. ಎಂಜಿನ್ ದುಡ್ಡು ಯಾರ್ಡಿಗೆ ಕೊಡದೆ ನೀವೇ ಡೀಲರಿಗೆ ಕೊಟ್ಟು ಬಿಲ್ಲೂ ವಾರಂಟಿಯೂ ನಿಮ್ಮ ಹೆಸರಿಗೆ ಮಾಡಿಸಿ.

ಓಡಿಸಿ ನೋಡುವ ದಿನ ಟ್ಯಾಂಕ್ ಫುಲ್, ಐಸ್ ಬಾಕ್ಸ್ ಫುಲ್, ಜನ ನಾಲ್ಕು. ಮೊದಲು ಬಂದರಿನಲ್ಲೇ ನಾಲ್ಕೂ ಜನ ಹಿಂದೆ ನಿಂತು ಡೆಕ್ ಮೇಲೆ ನೀರು ಬರ್ತದಾ ನೋಡಿ. ಹೊಸ ಎಂಜಿನ್ ಮೊದಲ 10 ಗಂಟೆ ಪುಸ್ತಕದಲ್ಲಿ ಹೇಳಿದ ಹಾಗೇ ಓಡಿಸ್ಬೇಕು, ಆಮೇಲೆ ಅದೇ ಭಾರದಲ್ಲಿ ಫುಲ್ ಥ್ರಾಟಲ್ ಕೊಟ್ಟು ಕಂಪೆನಿ ಹೇಳಿದ ಆರ್‌ಪಿಎಮ್ ಬರ್ತದಾ ನೋಡುದು, ಬರದಿದ್ರೆ ಪ್ರೊಪೆಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಹೋಗುವ ಲೆಕ್ಕ) ಒಂದಿಂಚು ಇಳಿಸಿದ್ರೆ 150ರಿಂದ 200 ಆರ್‌ಪಿಎಮ್ ಏರ್ತದೆ. ಅಳಿವೆಗೆ ಬರುವಾಗ ಸ್ಟಿಯರಿಂಗ್ ನೀವೇ ಹಿಡ್ಕೊಳ್ಳಿ, ಬದಿಯಲ್ಲಿ ಗೊತ್ತಿದ್ದ ಒಬ್ರು ತಾಂಡೇಲರು ಇರ್ಲಿ. ಲೈಫ್ ಜಾಕೆಟ್ ಮೈಮೇಲೆ, ಸೀಟ್ ಅಡಿಯಲ್ಲಿ ಅಲ್ಲ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಎರಡೂ ನಂಬರ್ ಕನ್ಸೋಲ್ ಮೇಲೆ ಅಂಟಿಸಿ.

ಮತ್ತೆ ಡ್ರೈನ್ ಪ್ಲಗ್, ಅಂದ್ರೆ ಬೋಟಿನ ಹಿಂದೆ ಅಡಿಯಲ್ಲಿ ನೀರು ಬಿಡುವ ತೂತಿನ ಬಿರಡೆ. ದಡಕ್ಕೆ ಎಳೆದ ಮೇಲೆ ಅದನ್ನು ತೆಗೆದು ಮೂತಿ ಎತ್ತರಕ್ಕಿಟ್ಟು ಬಿಡ್ಬೇಕು, ಮಳೆಗಾಲದಲ್ಲಂತೂ ಖಂಡಿತ, ಇಲ್ಲದಿದ್ರೆ ಒಂದೇ ರಾತ್ರಿಯಲ್ಲಿ ಬೋಟ್ ತುಂಬ್ತದೆ. ನೀರಿಗೆ ಇಳಿಸುವಾಗ ಅದೇ ಪ್ಲಗ್ ಹಾಕ್ಲಿಕ್ಕೆ ಮರೆಯುದು ನಾನೊಬ್ಬನೇ ಅಲ್ಲ. ಈಗ ತೆಗೆದ ಪ್ಲಗ್ಗನ್ನು ಎಂಜಿನ್ ಕೀ ಜೊತೆ ಒಂದೇ ದಾರದಲ್ಲಿ ಕಟ್ಟಿ ಮನೆಯಲ್ಲಿ ಮೊಳೆಗೆ ನೇತುಹಾಕ್ತೇನೆ, ಅದು ಕೈಗೆ ಬಾರದೆ ಎಂಜಿನ್ ಸ್ಟಾರ್ಟೇ ಆಗುದಿಲ್ಲ.